ಹಾಲಿಲ್ಲದ ಚಹಾ, ಹಾಲಿನ ಪರಿಮಳ

ಕಾಫಿ, ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಚಹಾದ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಸದಸ್ಯರೊಬ್ಬರ ಮಗ ತೈವಾನಿನಿಂದ ಹಸಿರು ಊಲಾಂಗ್ ಚಹಾದ ಎರಡು ಪೊಟ್ಟಣ ತಂದಿದ್ದರು. ಸಂಘದ ಕಚೇರಿಯಲ್ಲೇ ಅದರ ರುಚಿ ನೋಡಿದೆವು. ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ತಳಿಯ ಹೆಸರು ಜಿನ್ ಶುವಾನ್. ಅಲ್ಲಿನ ಚಹಾ ಸಂಶೋಧನಾ ಕೇಂದ್ರವು 1981ರಲ್ಲಿ 12ನೆಯ ನಂಬರಿನ ತಳಿಯಾಗಿ ಇದನ್ನು ಹೊರತಂದಿತು. ಕೊಯ್ದ ಎಲೆಯನ್ನು ಬಿಸಿಲಿನಲ್ಲಿ ಬಾಡಿಸಿ, ನೆರಳಿನಲ್ಲಿ ಹರವಿ, ಆಗಾಗ ಕೊಡವುತ್ತಾರೆ. ಅಂಚು ಜಜ್ಜಿ, ಗಾಳಿ ತಗುಲಿ ಎಲೆ ಮಾಗತೊಡಗುತ್ತದೆ. ಪೂರ್ತಿ ಮಾಗುವ ಮುನ್ನವೇ ಕಾವು ಕೊಟ್ಟು ತಡೆದು, ಬಟ್ಟೆಯಲ್ಲಿ ಕಟ್ಟಿ ಹೊಸೆದು, ಗುಂಡು ಮಾಡಿ ಒಣಗಿಸುತ್ತಾರೆ. ಹೊತ್ತು ತಪ್ಪಿದರೆ ಕೆಟ್ಟಿತು. ಪಲ್ಪ್ ಮಾಡಿದ ಕಾಫಿ ತೊಟ್ಟಿಯಲ್ಲಿ ಒಂದು ರಾತ್ರಿ ಹೆಚ್ಚು ಕುಳಿತರೆ ಏನಾಗುವುದೆಂದು ನಮಗೆ ಯಾರೂ ಹೇಳಬೇಕಾಗಿಲ್ಲ.

ಮೊದಲ ದಿನ ನಾವು ಮನೆಯ ಚಹಾದಂತೆ ಕುದಿಸಿ, ಚೊಗರಿನಂತಹ ಒಗರು ಕುಡಿದು ಮುಖ ಸಿಂಡರಿಸಿದೆವು! ಇದನ್ನು ಕುದಿಸಬಾರದು, ನೆನೆಸಬೇಕು. 150 ಮಿ.ಲೀ. ನೀರಿಗೆ 6 ಗ್ರಾಂ ಎಲೆ ಸಾಕು. ನೀರು ಕುದಿದ ಮೇಲೆ ಒಲೆಯಿಂದ ಇಳಿಸಿ, ಕುದಿತ ನಿಂತೊಡನೆ ಎಲೆಯ ಮೇಲೆ ಹುಯ್ದು, 1 ನಿಮಿಷ ಮುಚ್ಚಿಟ್ಟು ಪೂರ್ತಿ ಬಸಿಯಬೇಕು. ಹಾಲು, ಸಕ್ಕರೆ ಬೇಡ. ಅದೇ ಎಲೆಗೆ ಮತ್ತೆ ನಾಲ್ಕೈದು ಸಲ, ಪ್ರತಿ ಸಲ ತುಸು ಹೆಚ್ಚು ಹೊತ್ತು. ಗುಣ ಪರೀಕ್ಷೆಯ ಕ್ರಮ ಬೇರೆ: 100 ಮಿ.ಲೀ. ಕುದಿಯುವ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ಅಷ್ಟು ಹೊತ್ತು ಬಿಟ್ಟರೆ ಯಾವ ದೋಷವೂ ಅಡಗಿ ಕೂರುವುದಿಲ್ಲ.

ಒಂದನೆಯ ಪೊಟ್ಟಣದ ಚಹಾ ತಿಳಿ ಹಳದಿ. ಕಾಯಿಸಿದ ಹಾಲಿನ ನವಿರಾದ ಪರಿಮಳ, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ಸಿಹಿ. ಐದನೆಯ ಸಲಕ್ಕೂ ಸತ್ವ ಉಳಿದಿತ್ತು. ಎರಡನೆಯದನ್ನು ಬಿಚ್ಚಿದೊಡನೆ ಕಚೇರಿಯೆಲ್ಲ ಪೇಡೆಯ ವಾಸನೆ. ಎರಡು ಸಲ ನೆನೆಸುವಷ್ಟರಲ್ಲಿ ಎಲ್ಲ ಬರಿದು. ಹೊರಗಿನಿಂದ ಬೆರೆಸಿದ ಸುಗಂಧವದು. ಅಂಥದ್ದು ಮಾರುಕಟ್ಟೆಯಲ್ಲಿ ಸಾಕಷ್ಟಿದೆ. ಒಮ್ಮೆ ಮೋಸಹೋದ ಗಿರಾಕಿ ಮುಂದೆ ಪ್ರಾಮಾಣಿಕ ರೈತನ ಎಲೆಯನ್ನೂ ಅನುಮಾನಿಸುತ್ತಾನೆ. ಅಡಿಕೆಗೆ ಚೊಗರು ಬಿಟ್ಟು ಬೇರೆ ಬಣ್ಣ ಹಚ್ಚಿದವರಿಂದ ನಮಗಾದ ನಷ್ಟವೂ ಇದೇ ಅಲ್ಲವೇ?

ತೈವಾನಿನ ಲುಗು ಎಂಬ ಊರಿನ ರೈತ ಸಂಘ ಇದಕ್ಕೆ ದಾರಿ ತೋರಿಸಿದೆ. 1976ರಲ್ಲಿ ಆರಂಭವಾದ ಸ್ಪರ್ಧೆಯಲ್ಲಿ ಬೆಳೆಗಾರನ ಹೆಸರು ಮುಚ್ಚಿ, ನಂಬರು ಕೊಟ್ಟು ರುಚಿ ನೋಡಿ, ದರ್ಜೆ ಕಟ್ಟುತ್ತಾರೆ. ಡಬ್ಬಿಯ ಮೇಲೆ ಸಂಘದ ಮೊಹರು ಬೀಳುತ್ತದೆ. ಗಿರಾಕಿ ನಂಬುವುದು ಆ ಮೊಹರನ್ನು.

ನಮ್ಮ ಕಾಫಿಗೂ ಇಂಥ ಏರ್ಪಾಡು ಆಗಬಾರದೇಕೆ? ಮುಂದಿನ ಮಹಾಸಭೆಯಲ್ಲಿ ಈ ವಿಷಯ ಮಂಡಿಸಲಿದ್ದೇವೆ. ಅಲ್ಲಿಯವರೆಗೆ ಸದಸ್ಯರು ತಮ್ಮ ಕಣದ ಕಾಫಿಯನ್ನು ತಾವೇ ಒಮ್ಮೆ ಹುರಿದು, ಚಿಕೋರಿ ಬೆರೆಸದೆ ಕುಡಿದು ನೋಡಬೇಕಾಗಿ ವಿನಂತಿ.