ಜಾವಾಸ್ಕ್ರಿಪ್ಟ್ ಭಾಷೆಯನ್ನು ಬೆಳೆಸಿದ ಸಹಾಯಕ ಲೈಬ್ರರಿಗಳು

ಬಹುಪಾಲು ಜಾಲಪುಟಗಳ ಹಿಂದೆ ಕೆಲಸ ಮಾಡುವ ಜಾವಾಸ್ಕ್ರಿಪ್ಟ್ ಭಾಷೆಗೆ ‘ಕ್ಲಾಸ್’ ಎಂಬ ರಚನೆ ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅಂದರೆ ಆ ಭಾಷೆ ಹುಟ್ಟಿ ಇಪ್ಪತ್ತು ವರ್ಷಗಳು ಕಳೆದ ಮೇಲೆ. ಅಲ್ಲಿಯವರೆಗೆ ಆ ಕೊರತೆಯನ್ನು ತುಂಬಿದವು, ಪ್ರೋಗ್ರಾಮರ್‌ಗಳು ತಮ್ಮ ಅಗತ್ಯಕ್ಕೆಂದು ಬರೆದು ಎಲ್ಲರಿಗೂ ಉಚಿತವಾಗಿ ಹಂಚಿದ ಸಹಾಯಕ ಲೈಬ್ರರಿಗಳು. ಒಂದು ಭಾಷೆಗೆ ಏನು ಬೇಕೆಂಬುದನ್ನು ಅದರ ಬಳಕೆದಾರರೇ ಮೊದಲು ಕಂಡುಕೊಂಡು, ಪ್ರಯೋಗಿಸಿ ತೋರಿಸಿದ ಈ ಬೆಳವಣಿಗೆ ಕಂಪ್ಯೂಟರ್ ಭಾಷೆಗಳ ಚರಿತ್ರೆಯಲ್ಲಿ ಗಮನಿಸಬೇಕಾದ ಅಧ್ಯಾಯವಾಗಿದೆ.

ವಸ್ತು ಆಧಾರಿತ ಪ್ರೋಗ್ರಾಮಿಂಗ್ ಎಂದು ಕರೆಯಲಾಗುವ ಪದ್ಧತಿಯಲ್ಲಿ ಮಾಹಿತಿಯನ್ನೂ ಆ ಮಾಹಿತಿಯ ಮೇಲೆ ನಡೆಯುವ ಕ್ರಿಯೆಗಳನ್ನೂ ಒಟ್ಟುಗೂಡಿಸಿ ‘ಆಬ್ಜೆಕ್ಟ್’ ಅಥವಾ ವಸ್ತು ಎಂಬ ಘಟಕವನ್ನು ರೂಪಿಸಲಾಗುತ್ತದೆ. ಬ್ಯಾಂಕ್ ಖಾತೆಯೊಂದನ್ನು ವಸ್ತುವೆಂದು ಭಾವಿಸಿದರೆ, ಖಾತೆದಾರರ ಹೆಸರು ಮತ್ತು ಬಾಕಿ ಮೊತ್ತ ಅದರ ಮಾಹಿತಿ. ಹಣ ಜಮಾ ಮಾಡುವುದು ಮತ್ತು ಹಿಂಪಡೆಯುವುದು ಅದರ ಕ್ರಿಯೆಗಳು. ಇಂತಹ ಎಲ್ಲ ಖಾತೆಗಳಿಗೂ ಸಮಾನವಾದ ನಕ್ಷೆಯೇ ‘ಕ್ಲಾಸ್’ ಅಥವಾ ವರ್ಗ. ಉಳಿತಾಯ ಖಾತೆಯ ವರ್ಗವು ಸಾಮಾನ್ಯ ಖಾತೆಯ ಗುಣಗಳನ್ನೆಲ್ಲ ಪಡೆದುಕೊಂಡು, ಬಡ್ಡಿಯ ಲೆಕ್ಕಾಚಾರವನ್ನು ಮಾತ್ರ ಹೊಸದಾಗಿ ಸೇರಿಸಿಕೊಂಡರೆ ಅದನ್ನು ಇನ್‌ಹೆರಿಟೆನ್ಸ್ ಅಥವಾ ಆನುವಂಶಿಕತೆ ಎನ್ನುತ್ತಾರೆ. ವರ್ಗ ಮತ್ತು ಆನುವಂಶಿಕತೆಯ ಈ ಕಲ್ಪನೆಗಳನ್ನು ಮೊದಲು ಸಾಕಾರಗೊಳಿಸಿದ್ದು ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನೈಗಾರ್ಡ್ ರೂಪಿಸಿದ ಸಿಮುಲಾ 67 ಭಾಷೆ.

ಜಾವಾಸ್ಕ್ರಿಪ್ಟ್ ಬೇರೊಂದು ದಾರಿ ಹಿಡಿಯಿತು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತು ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸುವಾಗ, ವರ್ಗಗಳೇ ಇಲ್ಲದ ಸೆಲ್ಫ್ ಎಂಬ ಭಾಷೆಯಿಂದ ‘ಪ್ರೊಟೊಟೈಪ್’ ಅಥವಾ ಮೂಲಮಾದರಿಯ ತತ್ತ್ವವನ್ನು ಎರವಲು ಪಡೆದರು. ಈ ತತ್ತ್ವದಂತೆ ಪ್ರತಿ ವಸ್ತುವೂ ಮತ್ತೊಂದು ವಸ್ತುವನ್ನು ತನ್ನ ಮಾದರಿಯಾಗಿ ಇರಿಸಿಕೊಂಡಿರುತ್ತದೆ. ತನ್ನಲ್ಲಿ ಇಲ್ಲದ ಗುಣವನ್ನು ಕೇಳಿದಾಗ ಹುಡುಕಾಟ ಆ ಮಾದರಿಗೆ, ಅಲ್ಲಿಯೂ ಸಿಗದಿದ್ದರೆ ಮಾದರಿಯ ಮಾದರಿಗೆ ಸಾಗುತ್ತದೆ. ಆದರೆ ಹೊಸ ಭಾಷೆ ಹೊರನೋಟಕ್ಕೆ ಜಾವಾ ಭಾಷೆಯಂತೆ ಕಾಣಬೇಕೆಂಬ ಒತ್ತಡವಿದ್ದುದರಿಂದ, ವಸ್ತುಗಳನ್ನು ಸೃಷ್ಟಿಸಲು ‘ನ್ಯೂ’ ಎಂಬ ಪದವೂ ನಿರ್ಮಾಪಕ ಫಂಕ್ಷನ್‌ಗಳೂ ಬಂದವು. ಒಳಗೆ ಮೂಲಮಾದರಿ, ಹೊರಗೆ ವರ್ಗದ ಛಾಯೆ ಎಂಬ ಈ ಇಬ್ಬಗೆಯಿಂದ ಕಲಿಯುವವರಿಗೆ ಗೊಂದಲ ಉಂಟಾಯಿತು.

ಗೊಂದಲ ಹೆಚ್ಚಾದದ್ದು ಆನುವಂಶಿಕತೆಯ ವಿಷಯದಲ್ಲಿ. ಉಳಿತಾಯ ಖಾತೆಯು ಸಾಮಾನ್ಯ ಖಾತೆಯ ಗುಣಗಳನ್ನು ಪಡೆಯಬೇಕಾದರೆ, ಸಾಮಾನ್ಯ ಖಾತೆಯೊಂದನ್ನು ಸುಮ್ಮನೆ ಸೃಷ್ಟಿಸಿ ಅದನ್ನೇ ಮಾದರಿಯಾಗಿ ಇರಿಸುವುದು ಆಗಿನ ರೂಢಿಯಾಗಿತ್ತು. ಹೀಗೆ ಮಾಡಿದಾಗ ಹೆಸರು, ಮೊತ್ತ ಯಾವುದೂ ಇಲ್ಲದೆಯೇ ಖಾತೆ ತೆರೆಯುವ ಕ್ರಿಯೆ ನಡೆದುಬಿಡುತ್ತಿತ್ತು. ‘ನ್ಯೂ’ ಪದವನ್ನು ಬರೆಯಲು ಮರೆತರೆ, ಖಾತೆಗೆ ಸೇರಬೇಕಾದ ಮಾಹಿತಿ ಇಡೀ ಪುಟಕ್ಕೆ ಸಮಾನವಾದ ಜಾಗತಿಕ ವಸ್ತುವಿಗೆ ಸೇರಿಹೋಗುತ್ತಿತ್ತು ಮತ್ತು ಭಾಷೆ ಯಾವ ಎಚ್ಚರಿಕೆಯನ್ನೂ ನೀಡುತ್ತಿರಲಿಲ್ಲ.

ಸಹಾಯಕ ಲೈಬ್ರರಿಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 2005ರಲ್ಲಿ ಸ್ಯಾಮ್ ಸ್ಟೀಫನ್ಸನ್ ಹೊರತಂದ ಪ್ರೊಟೊಟೈಪ್ ಎಂಬ ಲೈಬ್ರರಿ, ರೂಬಿ ಭಾಷೆಯ ಶೈಲಿಯನ್ನು ಅನುಸರಿಸಿ, ಒಂದೇ ಕರೆಯಲ್ಲಿ ವರ್ಗವನ್ನು ರಚಿಸುವ ಅನುಕೂಲ ನೀಡಿತು. 2007ರ ಆವೃತ್ತಿಯಲ್ಲಿ ಅದಕ್ಕೆ ಆನುವಂಶಿಕತೆಯೂ ಸೇರಿತು. ಡೀನ್ ಎಡ್ವರ್ಡ್ಸ್ ಅವರ ಬೇಸ್, ವಲೇರಿಯೊ ಪ್ರೊಯೆಟ್ಟಿ ಆರಂಭಿಸಿದ ಮೂಟೂಲ್ಸ್, ಜೆಕ್ವೆರಿ ಲೈಬ್ರರಿಯ ಕರ್ತೃ ಜಾನ್ ರೆಸಿಗ್ 2008ರಲ್ಲಿ ಪ್ರಕಟಿಸಿದ ಕಿರು ಪ್ರೋಗ್ರಾಮ್ ಇವೆಲ್ಲವೂ ಅದೇ ಗುರಿಯನ್ನು ಹೊಂದಿದ್ದವು. ಡಗ್ಲಸ್ ಕ್ರಾಕ್‌ಫರ್ಡ್ ಪ್ರಚಾರಕ್ಕೆ ತಂದ ಕೆಲವೇ ಸಾಲುಗಳ ಫಂಕ್ಷನ್ ಇನ್ನೂ ಸರಳವಾಗಿತ್ತು: ಏನನ್ನೂ ಮಾಡದ ತಾತ್ಕಾಲಿಕ ನಿರ್ಮಾಪಕವೊಂದನ್ನು ನಡುವೆ ಇರಿಸಿ, ಮೂಲ ನಿರ್ಮಾಪಕವನ್ನು ವೃಥಾ ಕರೆಯದೆಯೇ ಮಾದರಿಗಳ ಸರಪಳಿಯನ್ನು ಜೋಡಿಸುವುದು ಅದರ ಉಪಾಯ.

ಇವುಗಳಲ್ಲಿ ಹೆಚ್ಚು ಜಾಣ್ಮೆ ಬೇಡಿದ ಕೆಲಸವೆಂದರೆ, ಮರುರೂಪಿಸಿದ ಕ್ರಿಯೆಯೊಳಗಿಂದ ಅದೇ ಹೆಸರಿನ ಮೂಲ ಕ್ರಿಯೆಯನ್ನು ಕರೆಯುವುದು. ರೆಸಿಗ್ ಅವರ ಪ್ರೋಗ್ರಾಮ್ ಅಂತಹ ಪ್ರತಿ ಕ್ರಿಯೆಯ ಮೇಲೂ ಒಂದು ಹೊದಿಕೆ ಹಾಕಿ, ಕ್ರಿಯೆ ನಡೆಯುವಷ್ಟು ಹೊತ್ತು ಮೂಲ ಕ್ರಿಯೆಯನ್ನು ಗೊತ್ತಾದ ಹೆಸರಿನಲ್ಲಿ ಒದಗಿಸಿ, ಮುಗಿದೊಡನೆ ಹಿಂದಿನ ಸ್ಥಿತಿಗೆ ತರುತ್ತಿತ್ತು. ಪ್ರೊಟೊಟೈಪ್ ಲೈಬ್ರರಿಯಾದರೋ ಫಂಕ್ಷನ್‌ನ ಪಠ್ಯವನ್ನೇ ಓದಿ, ಅದರ ಮೊದಲ ನಿಯತಾಂಕದ ಹೆಸರಿನಿಂದ ಲೇಖಕರ ಉದ್ದೇಶವನ್ನು ಅರಿಯುತ್ತಿತ್ತು. ಆದ್ದರಿಂದ ಕಡತದ ಗಾತ್ರ ಕುಗ್ಗಿಸುವ ಸಾಧನಗಳು ಆ ಹೆಸರನ್ನು ಬದಲಿಸಿದರೆ ಇಡೀ ಏರ್ಪಾಡು ಕೆಡುವ ಸಾಧ್ಯತೆಯಿತ್ತು.

ಲೈಬ್ರರಿಗಳು ಹೆಚ್ಚಿದಂತೆ ಅವುಗಳ ಮಿತಿಗಳೂ ಹೊರಬಂದವು. ಪ್ರತಿಯೊಂದೂ ತನ್ನದೇ ಬಗೆಯ ವರ್ಗವನ್ನು ಕಟ್ಟುತ್ತಿದ್ದುದರಿಂದ, ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ವಿಸ್ತರಿಸುವುದು ಕಷ್ಟವಾಯಿತು. ಪ್ರೊಟೊಟೈಪ್ ಮತ್ತು ಮೂಟೂಲ್ಸ್ ಭಾಷೆಯ ಮೂಲವಸ್ತುಗಳಿಗೇ ಹೊಸ ಕ್ರಿಯೆಗಳನ್ನು ಸೇರಿಸುತ್ತಿದ್ದವು. ಇದರ ಪರಿಣಾಮ ಬಹುಕಾಲ ಉಳಿಯಿತು: ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸುವ ‘ಫ್ಲ್ಯಾಟನ್’ ಎಂಬ ಕ್ರಿಯೆಯನ್ನು ಭಾಷೆಗೆ ತರಲು ಹೊರಟಾಗ, ಅದೇ ಹೆಸರಿನ ಮೂಟೂಲ್ಸ್ ಕ್ರಿಯೆಯೊಂದಿಗೆ ಘರ್ಷಣೆಯಾಗಿ ಹಳೆಯ ಜಾಲತಾಣ ಕೆಟ್ಟದ್ದು 2018ರಲ್ಲಿ ಕಂಡುಬಂತು, ಕೊನೆಗೆ ಹೊಸ ಕ್ರಿಯೆಗೆ ‘ಫ್ಲ್ಯಾಟ್’ ಎಂಬ ಹೆಸರನ್ನೇ ಒಪ್ಪಿಕೊಳ್ಳಬೇಕಾಯಿತು.

ಭಾಷೆಯ ಮಾನಕವನ್ನು ನಿರ್ವಹಿಸುವ ಎಕ್ಮಾ ಸಂಸ್ಥೆಯ ಸಮಿತಿ ನಾಲ್ಕನೆಯ ಆವೃತ್ತಿಯಲ್ಲೇ ವರ್ಗಗಳನ್ನು ತರಲು ಯತ್ನಿಸಿತ್ತಾದರೂ, ತೀವ್ರ ಭಿನ್ನಾಭಿಪ್ರಾಯದಿಂದಾಗಿ 2008ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಮುಂದಿನ ಹೆಜ್ಜೆಗಳಲ್ಲಿ ಲೈಬ್ರರಿಗಳ ಅನುಭವ ನೇರವಾಗಿ ನೆರವಿಗೆ ಬಂತು. 2009ರ ಐದನೆಯ ಆವೃತ್ತಿಯಲ್ಲಿ ಸೇರಿದ ‘ಆಬ್ಜೆಕ್ಟ್ ಕ್ರಿಯೇಟ್’ ಕ್ರಾಕ್‌ಫರ್ಡ್ ಅವರ ಫಂಕ್ಷನ್‌ನ ಮಾನಕ ರೂಪ. ಅದೇ ಆವೃತ್ತಿಯಲ್ಲಿ ಸೇರಿದ, ಕ್ರಿಯೆಯನ್ನು ನಿರ್ದಿಷ್ಟ ವಸ್ತುವಿಗೆ ಕಟ್ಟಿಹಾಕುವ ‘ಬೈಂಡ್’ ಪ್ರೊಟೊಟೈಪ್ ಲೈಬ್ರರಿಯಲ್ಲಿ ಮೊದಲೇ ಜನಪ್ರಿಯವಾಗಿತ್ತು. 2015ರ ಆವೃತ್ತಿ ‘ಕ್ಲಾಸ್’, ‘ಎಕ್ಸ್‌ಟೆಂಡ್ಸ್’, ‘ಸೂಪರ್’ ಪದಗಳನ್ನು ಭಾಷೆಯ ಭಾಗವಾಗಿಸಿತು. ‘ನ್ಯೂ’ ಇಲ್ಲದೆ ವರ್ಗವನ್ನು ಕರೆದರೆ ಈಗ ಸ್ಪಷ್ಟ ದೋಷಸೂಚನೆ ದೊರೆಯುತ್ತದೆ.

ಹೀಗಿದ್ದರೂ ಹೊಸ ವರ್ಗಗಳ ಅಡಿಯಲ್ಲಿ ಕೆಲಸ ಮಾಡುತ್ತಿರುವುದು 1995ರ ಮೂಲಮಾದರಿಯ ಸರಪಳಿಯೇ. ಆದ್ದರಿಂದ ಜಾವಾಸ್ಕ್ರಿಪ್ಟ್ ಕಲಿಯುವ ವಿದ್ಯಾರ್ಥಿಗಳು ‘ಕ್ಲಾಸ್’ ಬರೆಯುವುದನ್ನು ರೂಢಿಸಿಕೊಂಡ ಬಳಿಕ, ಈ ಹಳೆಯ ಲೈಬ್ರರಿಗಳಲ್ಲಿ ಒಂದನ್ನಾದರೂ ತೆರೆದು ಸಾಲುಸಾಲಾಗಿ ಓದಬೇಕು. ರೆಸಿಗ್ ಅವರ ಪ್ರೋಗ್ರಾಮ್ ಒಂದೇ ಪುಟದಷ್ಟು ಚಿಕ್ಕದು. ಅದನ್ನು ಅರ್ಥಮಾಡಿಕೊಂಡವರಿಗೆ ಭಾಷೆ ಈಗ ತಾನೇ ಮಾಡಿಕೊಡುವ ಕೆಲಸದ ಒಳಗುಟ್ಟು ತಿಳಿಯುತ್ತದೆ.