ಹರಿಗೋಲಿನಿಂದ ಅಡುಗೆಮನೆಗೆ: ಹಿಡಿದ ಮೀನು ಕೆಡದಂತೆ ತರುವ ಬಗೆ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ನಾಲ್ಕೈದು ಮಂದಿ ನಸುಕಿನಲ್ಲೇ ಎದ್ದು ಕೃಷ್ಣಗಿರಿ ಅಣೆಕಟ್ಟಿಗೆ ಹೋಗಿದ್ದೆವು. ಹರಿಗೋಲಿನವರು ಬಲೆ ಎತ್ತಿ ದಡಕ್ಕೆ ಬರುವ ಹೊತ್ತಿಗೆ ಸರಿಯಾಗಿ ನಿಂತು, ಆರು ಕೆ.ಜಿ. ಜಿಲೇಬಿ ಮೀನು, ಜೊತೆಗೆ ಒಂದು ದೊಡ್ಡ ಕಾಟ್ಲಾ ಕೊಂಡೆವು. ಕಾಟ್ಲಾ ಇನ್ನೂ ಬಾಲ ಬಡಿಯುತ್ತಿತ್ತು. ಎಲ್ಲವನ್ನೂ ಪ್ಲಾಸ್ಟಿಕ್ ಕವರಿಗೆ ತುಂಬಿ, ಬಾಯಿ ಬಿಗಿದು, ಬೈಕಿಗೆ ನೇತುಹಾಕಿಕೊಂಡು ಹೊರಟೆವು. ರಾಯಕೋಟೆಯಲ್ಲಿ ತಿಂಡಿ, ಟೀ, ಒಂದಷ್ಟು ಹರಟೆ. ಉದ್ದನಪಲ್ಲಿ ಸೇರುವಾಗ ಹತ್ತು ಗಂಟೆ ದಾಟಿತ್ತು. ಕವರ್ ಬಿಚ್ಚಿದರೆ ಅರ್ಧಕ್ಕರ್ಧ ಮೀನಿನ ಹೊಟ್ಟೆ ಒಡೆದಿತ್ತು. ಆ ಅರ್ಧ ನೇರವಾಗಿ ತೆಂಗಿನ ಬುಡಕ್ಕೆ ಹೋಯಿತು. ಮೀನು ಕೊಟ್ಟವರ ತಪ್ಪು ಏನೂ ಇರಲಿಲ್ಲ, ತಂದವರದ್ದೇ ತಪ್ಪು.

ಬೆಂಗಳೂರು, ಹೊಸೂರಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಕೆಲವರಿಗೆ ಈಗ ಕಯಾಕ್ ದೋಣಿಯಲ್ಲಿ ಕೂತು ಗಾಳ ಹಾಕುವ ಹುಚ್ಚು ಹತ್ತಿದೆ. ಹಿಡಿದದ್ದನ್ನು ಮನೆತನಕ ತರುವುದು ಹೇಗೆ ಎಂದು ಅವರೂ ಕೇಳುತ್ತಿದ್ದರು. ಆದ್ದರಿಂದ ಈ ಬರಹ. ಒಂದು ಮಾತು ಮೊದಲೇ: ಜಲಾಶಯದಲ್ಲಿ ದೋಣಿ ಇಳಿಸುವುದಕ್ಕೂ ಮೀನು ಹಿಡಿಯುವುದಕ್ಕೂ ಇಲಾಖೆಯ ಅಪ್ಪಣೆ ಬೇಕು. ಕೇಳದೆ ಇಳಿಯಬೇಡಿ.

ಕಯಾಕ್ ಹೊಸದೆನಿಸಿದರೂ ನಮ್ಮ ಹರಿಗೋಲಿಗೆ ದೂರದ ನೆಂಟನೇ. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನ ಚೌಕಟ್ಟಿಗೆ ಸೀಲ್ ಚರ್ಮ ಹೊದಿಸಿ ಕಯಾಕ್ ಮಾಡುತ್ತಿದ್ದರು. ನಮ್ಮವರು ಬಿದಿರು ಹೆಣೆದು ದನದ ತೊಗಲು ಹೊದಿಸುತ್ತಿದ್ದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಬುಟ್ಟಿಯಂತಹ ಈ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಇಲ್ಲಿ ಪರಿಸಲ್ ಎಂದು ಕರೆಯುವ ಅದೇ ಹರಿಗೋಲಿಗೆ ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ, ಫೈಬರ್ ಬಂದಿವೆ. ಎರಡರಲ್ಲೂ ತೊಂದರೆ ಒಂದೇ: ಜಾಗವಿಲ್ಲ, ನೆರಳಿಲ್ಲ, ದಡ ಸೇರುವತನಕ ಮೀನು ಬಿಸಿಲಿನಲ್ಲೇ ಬಿದ್ದಿರುತ್ತದೆ.

ಮೀನು ಕೆಡುವುದು ಅಂಗಡಿಯಲ್ಲೋ ಅಡುಗೆಮನೆಯಲ್ಲೋ ಅಲ್ಲ, ನೀರಿನಿಂದ ಮೇಲೆ ಬಂದ ಮೊದಲ ಒಂದೆರಡು ಗಂಟೆಯಲ್ಲಿ. ಬದುಕಿರುವ ಮೀನಿನ ಮಾಂಸದೊಳಗೆ ಬ್ಯಾಕ್ಟೀರಿಯಾ ಇರುವುದಿಲ್ಲ. ಅವು ಇರುವುದು ಕಿವಿರಿನಲ್ಲಿ, ಮೈಮೇಲಿನ ಲೋಳೆಯಲ್ಲಿ, ಕರುಳಿನಲ್ಲಿ. ಮೀನು ಸತ್ತ ಮೇಲೆ ಅವು ಒಳನುಗ್ಗುತ್ತವೆ. ಜೊತೆಗೆ ಹೊಟ್ಟೆಯ ಜೀರ್ಣರಸಗಳು ಮೀನನ್ನೇ ಅರಗಿಸತೊಡಗುತ್ತವೆ. ಹೊಟ್ಟೆ ತುಂಬಾ ತಿಂದಿದ್ದ ಮೀನಿನ ಹೊಟ್ಟೆ ಬೇಗ ಒಡೆಯುವುದು ಇದರಿಂದಲೇ. ಎಷ್ಟು ಬೇಗ ಎಂಬುದನ್ನು ಶಾಖ ತೀರ್ಮಾನಿಸುತ್ತದೆ. ಸೊನ್ನೆ ಡಿಗ್ರಿಯಲ್ಲಿ ಒಂದು ದಿನ ಹಿಡಿಯುವ ಕೆಡುಕು ಹತ್ತು ಡಿಗ್ರಿಯಲ್ಲಿ ಸುಮಾರು ಆರು ಗಂಟೆಯಲ್ಲಿ ಆಗಿಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಿನ ಲೆಕ್ಕ ನೀವೇ ಹಾಕಿಕೊಳ್ಳಿ. ಬಾಯಿ ಕಟ್ಟಿದ ಪ್ಲಾಸ್ಟಿಕ್ ಕವರ್ ಎಂದರೆ ಶಾಖವನ್ನೂ ತೇವವನ್ನೂ ಒಟ್ಟಿಗೆ ಕಟ್ಟಿಟ್ಟ ಹಾಗೆ.

ಬಲೆಯ ಮೀನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎತ್ತುತ್ತಾರೆ. ರಾತ್ರಿಯೇ ಸಿಕ್ಕಿಕೊಂಡ ಮೀನು ನೀರೊಳಗೇ ಸತ್ತು ಹಲವು ಗಂಟೆ ಆಗಿರಬಹುದು. ಒಂದೇ ಬುಟ್ಟಿಯಲ್ಲಿ ಬಡಿದಾಡುವುದೂ ಇರುತ್ತದೆ, ಸೆಟೆದು ಗಟ್ಟಿಯಾದದ್ದೂ ಇರುತ್ತದೆ, ಸೆಟೆತ ಬಿಟ್ಟು ಮೆತ್ತಗಾದದ್ದೂ ಇರುತ್ತದೆ. ಬದುಕಿರುವುದನ್ನೂ ಗಟ್ಟಿಯಾಗಿರುವುದನ್ನೂ ಮಾತ್ರ ಊರಿಗೆ ಆರಿಸಿಕೊಳ್ಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿ ತಿಳಿಯಾಗಿರಬೇಕು. ನಮ್ಮ ಆರು ಕೆ.ಜಿ.ಯಲ್ಲಿ ಮೂರೂ ಬಗೆಯವು ಬೆರೆತಿದ್ದವು ಎಂದು ಈಗ ಅನಿಸುತ್ತದೆ.

ಗಾಳದವರಿಗೆ ಈ ತೊಡಕಿಲ್ಲ, ಮೀನು ಕೈಗೆ ಬರುವುದೇ ಬದುಕಿರುವಾಗ. ಆದರೆ ದೋಣಿಯೊಳಗೆ ಅರ್ಧ ಗಂಟೆ ಒದ್ದಾಡಲು ಬಿಟ್ಟರೆ ಮೈಯಲ್ಲಿನ ಶಕ್ತಿಯೆಲ್ಲ ಕರಗಿ, ಬೇಗ ಸೆಟೆದು, ಬೇಗ ಮೆತ್ತಗಾಗುತ್ತದೆ. ಮರದ ತುಂಡಿನಿಂದ ತಲೆಯ ಮೇಲೆ ಒಂದೇ ಬಲವಾದ ಏಟು, ಕೂಡಲೇ ಕಿವಿರಿನ ಬಳಿ ಚಾಕು ಹಾಕಿ ರಕ್ತ ಹರಿಸುವುದು, ಆಮೇಲೆ ಐಸ್. ಕ್ರೂರ ಅನಿಸಬಹುದು, ಆದರೆ ಉಸಿರುಗಟ್ಟಿ ನಿಧಾನ ಸಾಯುವುದಕ್ಕಿಂತ ಇದೇ ಮೇಲು. ಹಗ್ಗಕ್ಕೆ ಪೋಣಿಸಿ ನೀರಿಗೆ ಇಳಿಬಿಡುವ ಅಭ್ಯಾಸವೂ ಕೆಲವರಿಗಿದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ, ಪೋಣಿಸಿದ ಮೀನು ಅಲ್ಲೇ ಸಾಯುತ್ತದೆ, ಸತ್ತದ್ದಕ್ಕೆ ಆ ನೀರು ತಂಪು ಕೊಡುವುದಿಲ್ಲ. ಹೊಗೇನಕಲ್ಲಿನ ಕಡೆ ಕಾವೇರಿಯಲ್ಲಿ ಮೊಸಳೆಗಳಿವೆ. ಅಲ್ಲಂತೂ ಈ ಆಟ ಬೇಡವೇ ಬೇಡ.

ಐಸ್ ಎಷ್ಟು ಬೇಕು? ಒಂದು ಗ್ರಾಂ ಐಸ್ ಕರಗುವಾಗ 80 ಕ್ಯಾಲೊರಿ ಶಾಖ ಹೀರುತ್ತದೆ. ಮೂವತ್ತು ಡಿಗ್ರಿಯ ಮೀನನ್ನು ಸೊನ್ನೆಗೆ ಇಳಿಸಲು ಲೆಕ್ಕದ ಪ್ರಕಾರ ಮೀನಿನ ತೂಕದ ಮೂರರಲ್ಲಿ ಒಂದು ಪಾಲು ಸಾಕು. ಆದರೆ ಹೊರಗಿನ ಬಿಸಿಲೂ ಐಸ್ ತಿನ್ನುತ್ತದೆ. ಅದಕ್ಕೇ ಕಿಲೋ ಮೀನಿಗೆ ಕಿಲೋ ಐಸ್ ಎಂಬ ರೂಢಿ. ಗಡ್ಡೆಗಿಂತ ಪುಡಿ ಮಾಡಿದ ಐಸ್ ಒಳ್ಳೆಯದು, ಮೀನಿನ ಮೈಗೆ ಎಲ್ಲ ಕಡೆ ತಾಗುತ್ತದೆ. ಕೆಳಗೊಂದು ಪದರ ಐಸ್, ಮೇಲೆ ಮೀನು, ಮತ್ತೆ ಐಸ್. ಮೀನಿನ ಹೊಟ್ಟೆ ಸೀಳಿ ತೊಳೆದಿದ್ದರೆ ಅದರೊಳಗೂ ಒಂದು ಹಿಡಿ ತುಂಬಿ. ಕರಗಿದ ನೀರು ಲೋಳೆ, ರಕ್ತ ಬೆರೆತು ಕೊಳೆಯಾಗುತ್ತದೆ. ಅದು ನಿಲ್ಲದಂತೆ ಡಬ್ಬಿಯ ಬುಡದಲ್ಲಿ ತೂತಿರಲಿ, ಇಲ್ಲವೇ ಆಗಾಗ ಬಗ್ಗಿಸಿ ಚೆಲ್ಲಿ. ಐಸ್ ಸಿಗದ ಊರಿನವರು ಹಿಂದಿನ ರಾತ್ರಿಯೇ ನೀರಿನ ಬಾಟಲಿಗಳನ್ನು ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿ ಒಯ್ಯಬಹುದು.

ಥರ್ಮೊಕೋಲ್ ಡಬ್ಬಿ ಹಗುರ, ಅಗ್ಗ. ಕಯಾಕಿನಲ್ಲಿ ಅದನ್ನು ಆಸನದ ಹಿಂದೆ, ನಡುಮಧ್ಯಕ್ಕೆ ಬರುವಂತೆ ಬಿಗಿಯಾಗಿ ಕಟ್ಟಬೇಕು. ಒಂದು ಪಕ್ಕಕ್ಕೆ ವಾಲಿದರೆ ಮೀನಿನ ಜೊತೆ ನೀವೂ ನೀರು ಪಾಲು. ಡಬ್ಬಿಯೇ ಇಲ್ಲದಿದ್ದರೆ ಒದ್ದೆ ಗೋಣಿಚೀಲ. ನೀರು ಆವಿಯಾಗುತ್ತಾ ಒಳಗಿನ ಶಾಖ ಎಳೆಯುತ್ತದೆ, ಮಡಕೆಯ ನೀರು ತಂಪಾಗುವ ಹಾಗೆಯೇ. ಒಣಗಾಳಿಯ ದಿನ, ನೆರಳಿನಲ್ಲಿ, ಮತ್ತೆ ಮತ್ತೆ ನೀರು ಚಿಮುಕಿಸುತ್ತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಮಳೆಗಾಲದ ತೇವದಲ್ಲಿ ನಂಬಬೇಡಿ. ಐಸಿಗೆ ಇದು ಸಮವಲ್ಲ, ಆದರೆ ಪ್ಲಾಸ್ಟಿಕ್ ಕವರಿಗಿಂತ ಎಷ್ಟೋ ವಾಸಿ.

ಚೆನ್ನಾಗಿ ಖಾರ ಹಾಕಿ ಹುರಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲೂ ಇದೆ. ಅದು ನಿಜವಲ್ಲ. ಬಂಗುಡೆಯಂತಹ ಕಡಲ ಮೀನು ಶಾಖದಲ್ಲಿ ಬಿದ್ದಿದ್ದರೆ ಅದರಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದವರಿಗೆ ಮೈ ಕೆಂಪಾಗಿ, ತುರಿಕೆ, ವಾಂತಿ ಶುರುವಾಗಬಹುದು.

ಐಸಿಗೂ ಸರಿಪಡಿಸಲಾಗದ ಇನ್ನೊಂದಿದೆ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ಕೆಲವರಪಲ್ಲಿ ಅಣೆಕಟ್ಟಿಗೆ ತಂದು ಸುರಿಯುತ್ತದೆ. ಅಲ್ಲಿ ಬೆಟ್ಟದಂತೆ ನೊರೆ ಏಳುವುದನ್ನು ಹೊಸೂರಿನವರೆಲ್ಲ ಕಂಡಿದ್ದಾರೆ. ನೊರೆ ಎದ್ದ ದಿನಗಳಲ್ಲಿ ಅಲ್ಲಿಯ ಮೀನು ಎಷ್ಟೇ ತಾಜಾ ಇದ್ದರೂ ನಾವು ಕೊಳ್ಳುವುದಿಲ್ಲ.

ಮನೆಗೆ ಬಂದ ಮೇಲೆ ತಡಮಾಡದೆ ಹುರುಪೆ ತೆಗೆದು, ಕಿವಿರು, ಕರುಳು ಕಿತ್ತು ತೊಳೆಯಿರಿ. ಜಿಲೇಬಿ ಮೀನಿನ ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಕಲ್ಲುಪ್ಪು ಹಾಕಿ ಉಜ್ಜಿ ತೆಗೆದರೆ ಕೆಸರು ವಾಸನೆ ಸ್ವಲ್ಪ ತಗ್ಗಬಹುದು. ಅಂದೇ ಮಾಡದ ಮೀನನ್ನು ಮುಚ್ಚಳದ ಡಬ್ಬಿಯಲ್ಲಿ ಐಸಿನೊಡನೆ ಫ್ರಿಜ್ಜಿನಲ್ಲಿಟ್ಟು ಮರುದಿನದೊಳಗೆ ಮುಗಿಸಿ. ಕಳೆದ ತಿಂಗಳು ಎರಡು ಥರ್ಮೊಕೋಲ್ ಡಬ್ಬಿ ಹೊತ್ತು ಮತ್ತೆ ಅದೇ ದಾರಿಯಲ್ಲಿ ಹೋಗಿಬಂದೆವು. ರಾಯಕೋಟೆಯಲ್ಲಿ ಟೀ ಈ ಸಲವೂ ಕುಡಿದೆವು. ತೆಂಗಿನ ಬುಡಕ್ಕೆ ತಲೆ, ಕರುಳು ಮಾತ್ರ ಹೋದವು.