ಕೋವಿಯಲ್ಲಿ ಸಿಕ್ಕಿಕೊಂಡ ಬೀಗ

ಪರಸ್ಥಳಗಳಲ್ಲಿ ದುಡಿಯುತ್ತಿರುವ ನಮ್ಮ ವಾಚಕರಲ್ಲಿ ಅನೇಕರು ಕರಾವಳಿ, ಮಲೆನಾಡು, ಕೊಡಗುಗಳ ಕೃಷಿಕ ಮನೆತನಗಳವರು. ಹಂದಿಗಳ ಹಾವಳಿಯಿಂದ ಗದ್ದೆ ತೋಟಗಳನ್ನು ಕಾಯಲು ಅಂಥ ಮನೆಗಳಲ್ಲಿ ಒಂದು ಕೋವಿ ಇರುವುದುಂಟು. ಲೈಸೆನ್ಸು ತಂದೆಯ ಹೆಸರಿನಲ್ಲಿ. ಮಕ್ಕಳು ಮುಂಬಯಿ, ಪುಣೆಗಳಲ್ಲಿ. ಮನೆಯಲ್ಲಿ ಮೊಮ್ಮಕ್ಕಳು ಓಡಾಡತೊಡಗಿದಾಗ ವಿವೇಕಿಗಳಾದವರು ಕೋವಿಗೊಂದು ಬೀಗ ತಂದು ಹಾಕುತ್ತಾರೆ. ಅದು ಸ್ತುತ್ಯವಾದ ಕೆಲಸ. ಆದರೆ ಎರಡು ಮಳೆಗಾಲ ಕಳೆದ ಮೇಲೆ ಆ ಬೀಗ ಹೊರಬರಲೊಲ್ಲದೆ ಕುಳಿತರೆ, ಹಬ್ಬಕ್ಕೆ ಊರಿಗೆ ಬಂದ ಮಗನನ್ನು “ನೀನು ಪಟ್ಟಣ ನೋಡಿದವ, ಇದನ್ನೊಮ್ಮೆ ನೋಡು ಮಗಾ” ಎಂದು ಕರೆಯುವುದು ಸಹಜವೇ. ಆಗ ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಇಲ್ಲಿ ತಿಳಿಸಬಯಸುತ್ತೇವೆ. ಇದರಲ್ಲಿ ಎಡವಿದರೆ ಕೈ ಕಣ್ಣುಗಳಷ್ಟೇ ಏಕೆ, ಪ್ರಾಣವೂ ಹೋದೀತು.

ಬೀಗದ ಸ್ವರೂಪ

ಕೋವಿಯ ನಳಿಗೆಯ ಹಿಂತುದಿಯಲ್ಲಿ ತೋಟೆ, ಅಂದರೆ ಕಾಡತೂಸು, ಕೂರುವ ಗೂಡು ಇರುತ್ತದೆ. ಈ ಗೂಡು ನಳಿಗೆಗಿಂತ ತುಸು ಅಗಲ. ಮುಂದೆ ಹೋದಂತೆ ಕಿರಿದಾಗುತ್ತ ನಳಿಗೆಯನ್ನು ಕೂಡುತ್ತದೆ. ನಮ್ಮ ಕಡೆ ಬಹಳವಾಗಿ ಬಳಕೆಯಲ್ಲಿರುವ 12 ಬೋರ್ ಕೋವಿಯ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡುಗಳನ್ನು ಎರೆದರೆ ಒಂದೊಂದರ ಗಾತ್ರ ಎಷ್ಟಾಗುವುದೋ ಅಷ್ಟು. 12 ಎಂಬ ಹೆಸರು ಬಂದುದು ಹೀಗೆ.

ಗೂಡಿಗೆ ಹಾಕುವ ಬೀಗವೂ ತೋಟೆಯ ಆಕಾರದ್ದೇ. ಅದನ್ನು ತೋಟೆಯ ಜಾಗದಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಅದರ ಮೈ ಹಿಗ್ಗಿ ಗೂಡಿನ ಗೋಡೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಕೀಲಿಯನ್ನು ತೆಗೆದಿಟ್ಟ ಮೇಲೆ ನಿಜವಾದ ತೋಟೆಗೆ ಅಲ್ಲಿ ಎಡೆಯಿರುವುದಿಲ್ಲ.

ಸಿಕ್ಕಿಕೊಳ್ಳುವುದೇಕೆ?

ಮೊದಲ ಕಾರಣ ನಮ್ಮ ಊರುಗಳ ಮಳೆ. ತೇವದಿಂದ ಗೂಡು ತುಕ್ಕು ಹಿಡಿದು ಬೀಗವನ್ನು ಕಚ್ಚಿಕೊಳ್ಳುತ್ತದೆ. ಎರಡನೆಯದು ತೆಂಗಿನೆಣ್ಣೆ. ಕೈಗೆ ಸಿಕ್ಕಿದ ಎಣ್ಣೆಯನ್ನು ಸವರಿಡುವ ರೂಢಿ ಅನೇಕ ಮನೆಗಳಲ್ಲಿದೆ. ಅದು ಕಾಲಕ್ರಮದಲ್ಲಿ ಜಿಗುಟಾಗಿ ಅಂಟಿನಂತಾಗುತ್ತದೆ. ಬೀಗದ ರಬ್ಬರು ಗಡುಸಾಗುವುದೂ, ಕುಂಬಾರಹುಳು ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವುದೂ ಉಂಟು. ಚುನಾವಣೆಯ ಕಾಲದಲ್ಲಿ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುವುದು ಇನ್ನೊಂದು ಕಾರಣ. 2024ರಲ್ಲಿ ಲೋಕಸಭೆಯ ಫಲಿತಾಂಶ ಬಂದುದು ಜೂನ್ 4ರಂದು, ಮಳೆಗಾಲದ ಬಾಗಿಲಿನಲ್ಲಿ. ವಾರಗಟ್ಟಲೆ ಒರಸದೆ ಇದ್ದ ಕೋವಿ ನೇರವಾಗಿ ಆಷಾಢದ ಮಳೆಯನ್ನು ಕಂಡರೆ ಬೀಗ ಸಡಿಲವಾಗಿ ಉಳಿದೀತೆ?

ಬೀಗವೋ, ತೋಟೆಯೋ?

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಒಳಗಿರುವುದು ಬೀಗವೆಂದು ಹೇಳಿದವರ ಮಾತನ್ನು ನಂಬದೆ ಕಣ್ಣಾರೆ ನೋಡಬೇಕು. ತೋಟೆಯ ಹಿಂಬದಿಯ ನಡುವೆ ದುಂಡನೆಯ ಸಣ್ಣ ಕೇಪು ಇರುತ್ತದೆ; ಬೀಗಕ್ಕೆ ಅದಿಲ್ಲ. ಜೋಡುನಳಿಗೆಯಾದರೆ ಒಂದರಲ್ಲಿ ಬೀಗ, ಇನ್ನೊಂದರಲ್ಲಿ ತುಂಬಿದ ತೋಟೆ ಇರಬಹುದು. 20 ಬೋರಿನ ತೋಟೆಯನ್ನು ಅರಿಯದೆ 12 ಬೋರ್ ಕೋವಿಗೆ ಹಾಕಿದರೆ ಅದು ಮುಂದೆ ಜಾರಿ ನಳಿಗೆಯ ಬುಡದಲ್ಲಿ ಅಡಗಿ ಕೂರುತ್ತದೆ. ತೋಟೆಯೆಂಬ ಸಂಶಯ ಕಿಂಚಿತ್ತಾದರೂ ಇದ್ದಲ್ಲಿ ಯಾವುದರಿಂದಲೂ ತಟ್ಟದೆ, ಚುಚ್ಚದೆ ಕೈಬಿಡತಕ್ಕದ್ದು.

ಬಿಡಿಸುವ ಕ್ರಮ

ಲೈಸೆನ್ಸುದಾರರ ಎದುರಿನಲ್ಲೇ ಕೆಲಸಕ್ಕೆ ತೊಡಗಬೇಕು. ಮಕ್ಕಳನ್ನು ಹೊರಗೆ ಕಳಿಸಿ, ಮನೆಯಲ್ಲಿರುವ ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ಕೋವಿಯ ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದು ಅದನ್ನು ಮಡಿಸಿ ತೆರೆಯಬೇಕು. ಮಡಿಸುವ ಕೋವಿಯಲ್ಲಿ ಮುಂಭಾಗದ ಮರದ ತುಂಡನ್ನು ಕಳಚಿದರೆ ನಳಿಗೆ ಹಿಡಿಯಿಂದ ಬೇರೆಯಾಗುತ್ತದೆ. ಹಾಗೆ ಮಾಡಿದರೆ ಸಿಡಿಸುವ ಯಂತ್ರವೇ ದೂರವಾಯಿತು. ಕೋವಿ ತೆರೆದುಕೊಳ್ಳದೆ ಹೋದರೆ ಮುಂದಿನದು ರಿಪೇರಿಯವನ ಕೆಲಸ.

ಬೀಗದ ಅಂಚಿಗೆ ತೆಳುವಾದ ಎಣ್ಣೆಯನ್ನು ಹನಿಸಿ ಒಂದು ದಿನ ಬಿಡಬೇಕು. ಅನಂತರ ಕೀಲಿಯನ್ನು ನಿಧಾನವಾಗಿ ತಿರುಗಿಸಿ ಬೀಗದ ಹಿಡಿತವನ್ನು ಸಡಿಲಿಸಬೇಕು. ಸಡಿಲವಾದ ಮೇಲೂ ಅಂಟಿಕೊಂಡಿದ್ದರೆ, 16 ಮಿಲಿಮೀಟರಿಗೆ ಮೀರದ, ನೇರವಾದ ಗಟ್ಟಿ ಮರದ ಕೋಲನ್ನು ನಳಿಗೆಯ ಬಾಯಿಯಿಂದ ಇಳಿಸಿ ಹಗುರವಾಗಿ ತಟ್ಟಬೇಕು. ತಟ್ಟುವವನ ಮುಖ ಬಾಯಿಯ ನೇರಕ್ಕಿರಬಾರದು. ಹಿಂದಿನಿಂದ ಹೋದ ಬೀಗ ಹಿಂದಕ್ಕೇ ಬರಬೇಕು. ಮುಂದಕ್ಕೆ ನೂಕಿದರೆ ಕಿರಿದಾದ ಭಾಗದಲ್ಲಿ ಇನ್ನಷ್ಟು ಬಿಗಿಯುತ್ತದೆ. ಒಂದರೊಳಗೊಂದು ಕಚ್ಚಿದ ಸ್ಟೀಲು ಲೋಟಗಳನ್ನು ಮೇಲಿನಿಂದ ಗುದ್ದಿದರೆ ಏನಾಗುತ್ತದೆಂಬುದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗನಿಗೂ ಗೊತ್ತು.

ನಾಲ್ಕಾರು ಸಲ ತಟ್ಟಿದರೂ ಜಗ್ಗದಿದ್ದರೆ, ಅಥವಾ ಕೀಲಿಯೇ ಕಳೆದಿದ್ದರೆ, ಅಲ್ಲಿಗೇ ನಿಲ್ಲಿಸತಕ್ಕದ್ದು. ಕಬ್ಬಿಣದ ಸರಳು ನಳಿಗೆಯ ಒಳಮೈಯನ್ನು ಗೀರುತ್ತದೆ. ಬೆಂಕಿಗೆ ಹಿಡಿದರೆ ಜೋಡುನಳಿಗೆಗಳ ಬೆಸುಗೆ ಬಿಡುತ್ತದೆ. ಮತ್ತೊಂದು ಈಡು ಹಾರಿಸಿ ಅಡ್ಡಿಯನ್ನು ಹೊರದೂಡುವ ಹುಚ್ಚು ಸಾಹಸವಂತೂ ಬೇಡವೇ ಬೇಡ. ಅಡ್ಡಿಯಿರುವ ನಳಿಗೆ ಹಾರಿಸಿದವನ ಕೈಯಲ್ಲೇ ಒಡೆಯುತ್ತದೆ.

ಕಾನೂನಿನ ಮಾತು

1959ರ ಆಯುಧ ಕಾಯ್ದೆಯಂತೆ ಕೋವಿ ರಿಪೇರಿಗೂ ಲೈಸೆನ್ಸು ಬೇಕು. ಆದ್ದರಿಂದ ಊರ ಕಮ್ಮಾರನ ಬಳಿಗೆ ಒಯ್ಯುವುದು ಇಬ್ಬರಿಗೂ ಅಪಾಯ. ಮಂಗಳೂರು, ಮಡಿಕೇರಿಗಳಂಥ ಪಟ್ಟಣಗಳಲ್ಲಿ ಲೈಸೆನ್ಸುಳ್ಳ ಅಂಗಡಿಗಳಿವೆ. ತಂದೆ ವೃದ್ಧರಾಗಿ ಪ್ರಯಾಣ ಮಾಡಲಾರದವರಾದರೆ, ಅವರ ಲಿಖಿತ ಅಧಿಕಾರಪತ್ರದೊಡನೆ ಮಗನು ಕೋವಿಯನ್ನು ರಿಪೇರಿಗೆ ಒಯ್ಯಲು ಅದೇ ಕಾಯ್ದೆಯ 3ನೆಯ ಕಲಮು ಅವಕಾಶ ಕೊಟ್ಟಿದೆ. ಈ ಚೀಟಿಯಿಲ್ಲದೆ ಬಸ್ಸು ಹತ್ತಬಾರದು. ಲೈಸೆನ್ಸುದಾರರು ತೀರಿಕೊಂಡಿದ್ದರೆ ಬೀಗದ ಯೋಚನೆ ಆಮೇಲೆ. ಮೊದಲು ಕೋವಿಯನ್ನು ಠಾಣೆಯಲ್ಲಿಯೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲಿಯೋ ಠೇವಣಿ ಇಡಬೇಕು.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ಮುಂದುವರಿಸಲಾಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂವನ್ನು ಮುಡಿಸಿ ಪೂಜಿಸುವ ಆ ಜನಕ್ಕೆ ಆಯುಧದ ಗೌರವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಲೈಸೆನ್ಸಿನ ವಿನಾಯಿತಿಯು ಎಚ್ಚರಿಕೆಯಿಂದ ವಿನಾಯಿತಿಯಾಗಲಾರದು.

ಬೀಗ ಸಿಕ್ಕಿಕೊಂಡಿತೆಂದು ಬೇಸತ್ತು ಅದನ್ನು ಮುಂದೆ ಹಾಕುವುದನ್ನೇ ಬಿಡುವುದು ತಪ್ಪು. ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೀಗವನ್ನು ತೆಗೆದು ಒರಸಿ, ಕೋವಿಯ ಎಣ್ಣೆಯನ್ನು ತೆಳ್ಳಗೆ ಸವರಿ ಮತ್ತೆ ಹಾಕಿದರೆ ಅದು ಎಂದಿಗೂ ಕಚ್ಚಿಕೊಳ್ಳದು. ಊರಿಗೆ ಫೋನು ಮಾಡುವಾಗ ಮಳೆ ಬೆಳೆಗಳ ಜೊತೆಗೆ ಇದನ್ನೂ ಒಂದು ಮಾತು ವಿಚಾರಿಸಿರಿ. ಕೀಲಿ ಎಲ್ಲಿದೆ, ಯಾರ ಬಳಿ ಇದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ.